ದೊಡ್ಡ ಮುದ್ರಣ ಮತ್ತು ಡಿಜಿಟಲ್ ಛಾಯಾಚಿತ್ರದ ರೆಸಲ್ಯೂಷನ್

ಡಿಜಿಟಲ್ ಕ್ಯಾಮೆರಾದಲ್ಲೋ ಫೋನಿನಲ್ಲೋ ತೆಗೆದ ಛಾಯಾಚಿತ್ರವನ್ನು ಕಾಗದ, ಕ್ಯಾನ್ವಾಸ್, ಫ್ಲೆಕ್ಸ್ ಮುಂತಾದವುಗಳ ಮೇಲೆ ದೊಡ್ಡ ಅಳತೆಯಲ್ಲಿ ಮುದ್ರಿಸಿದಾಗ ಅದರ ಸೂಕ್ಷ್ಮ ವಿವರಗಳು ಎಷ್ಟರಮಟ್ಟಿಗೆ ಉಳಿಯುತ್ತವೆ ಎಂಬುದನ್ನು ತೀರ್ಮಾನಿಸುವ ಗುಣ ರೆಸಲ್ಯೂಷನ್. ಕಡತದಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ, ಅವು ಹರಡಿಕೊಳ್ಳಬೇಕಾದ ಹಾಳೆಯ ಅಳತೆ, ನೋಡುವವರು ನಿಲ್ಲುವ ದೂರ ಈ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ. ಮೊದಲೆರಡರ ಬಗ್ಗೆ ಸ್ಟುಡಿಯೊಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಮೂರನೆಯದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿಯೇ ಒಂದೆಡೆ ಗೋಡೆಯ ಚಿತ್ರಕ್ಕೂ ರಸ್ತೆ ಬದಿಯ ಹೋರ್ಡಿಂಗಿಗೂ 'ಇಂಚಿಗೆ 300' ಬೇಕೆಂದು ಹಟ ಹಿಡಿಯುವವರಿದ್ದಾರೆ. ಇನ್ನೊಂದೆಡೆ ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ಮದುವೆಮನೆಯ ಬಾಗಿಲಿಗೆ ಆಳೆತ್ತರಕ್ಕೆ ಹಿಗ್ಗಿಸಿ, 'ಫೋಟೊ ಒಡೆದುಹೋಯಿತು' ಎಂದು ಅಂಗಡಿಯವನ ಮೇಲೆ ರೇಗುವವರಿದ್ದಾರೆ.

ಪಿಕ್ಸೆಲ್

ಡಿಜಿಟಲ್ ಚಿತ್ರದ ಅತಿ ಚಿಕ್ಕ ಘಟಕ ಪಿಕ್ಸೆಲ್. ಅದು ಒಂದು ಬಿಂದುವಿನ ಬಣ್ಣವನ್ನು ಹೇಳುವ ಕೆಲವು ಸಂಖ್ಯೆಗಳಷ್ಟೇ; ಇಂಚು, ಮಿಲಿಮೀಟರುಗಳಲ್ಲಿ ಅದಕ್ಕೆ ಅಳತೆಯಿಲ್ಲ. 21 ಚುಕ್ಕಿಯ ರಂಗೋಲಿಯನ್ನು ಹೊಸ್ತಿಲ ಮುಂದಿನ ಮೊಳದಗಲ ಜಾಗದಲ್ಲೂ ಇಡಬಹುದು, ದೇವಸ್ಥಾನದ ಅಂಗಳದ ತುಂಬ ಹರಡಿಯೂ ಇಡಬಹುದು. ಚುಕ್ಕಿಗಳ ಎಣಿಕೆ ಅದೇ, ನಡುವಿನ ಅಂತರ ಮಾತ್ರ ಬೇರೆ. ಚಿತ್ರವನ್ನು ಮುದ್ರಿಸುವ ತನಕ ಪಿಕ್ಸೆಲ್‌ಗಳ ನಡುವಿನ ಅಂತರ ಎಷ್ಟು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಮುದ್ರಿಸಿದ ಮೇಲೆ ಒಂದು ಇಂಚಿನ ಉದ್ದದಲ್ಲಿ ಎಷ್ಟು ಪಿಕ್ಸೆಲ್‌ಗಳು ಕೂತವು ಎಂಬ ಲೆಕ್ಕವೇ ಪಿಪಿಐ.

ಚಿತ್ರವನ್ನು ಹೀಗೆ ಚೌಕಗಳಾಗಿ ಕತ್ತರಿಸಿ ಕಂಪ್ಯೂಟರಿಗೆ ಮೊದಲು ಉಣಿಸಿದವರು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಷ್. 1957ರಲ್ಲಿ ಅವರು ತಮ್ಮ ಹಸುಗೂಸಿನ ಫೋಟೊ ಒಂದನ್ನು ಸ್ಕ್ಯಾನ್ ಮಾಡಿದರು. 5 ಸೆಂಟಿಮೀಟರ್ ಚದರದ ಆ ಚಿತ್ರದಲ್ಲಿ ಇದ್ದದ್ದು 176×176, ಅಂದರೆ 31 ಸಾವಿರಕ್ಕೆ ತುಸು ಕಡಿಮೆ ಪಿಕ್ಸೆಲ್. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ 100×100 ಪಿಕ್ಸೆಲ್‌ಗಳ ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸುತ್ತಿತ್ತು. ಅದೇ ಕಂಪನಿ ನಿಕಾನ್ ಕ್ಯಾಮೆರಾದ ಒಡಲಿಗೆ ಸಂವೇದಕ ಜೋಡಿಸಿ 1991ರಲ್ಲಿ ಮಾರಾಟಕ್ಕೆ ತಂದ ಡಿಸಿಎಸ್ ಮಾದರಿಯದು 13 ಲಕ್ಷ ಪಿಕ್ಸೆಲ್. ಪತ್ರಿಕೆಗೆ ಅದು ಸಾಕಾಯಿತು. ಆದರೆ ಆಲ್ಬಮಿನ ಗುಣಮಟ್ಟದಲ್ಲಿ ಅಚ್ಚು ಹಾಕಿದರೆ ಅಂಗೈಯಗಲದ ಚಿತ್ರಕ್ಕಷ್ಟೇ ಒದಗುತ್ತಿತ್ತು. ಇಂದು ಸಾಧಾರಣ ಫೋನ್ ಕೂಡ 4000×3000, ಅಂದರೆ 12 ಮೆಗಾಪಿಕ್ಸೆಲ್ (120 ಲಕ್ಷ ಪಿಕ್ಸೆಲ್) ಚಿತ್ರ ಕೊಡುತ್ತದೆ.

300 ಎಲ್ಲಿಂದ ಬಂತು

'ಪ್ರಿಂಟಿಗೆ 300 ಬೇಕೇ ಬೇಕು' ಎಂಬ ಮಾತು ಡಿಜಿಟಲ್ ಕ್ಯಾಮೆರಾಗಳ ಲೋಕದ್ದಲ್ಲ, ಅಚ್ಚುಕೂಟದ್ದು. ಮುದ್ರಣ ಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಒಂದು ಜಾಗದಲ್ಲಿ ಅದು ಶಾಯಿ ಹಚ್ಚುತ್ತದೆ ಅಥವಾ ಬಿಡುತ್ತದೆ. ಹಾಗಾಗಿ ಛಾಯೆಗಳ ಭ್ರಮೆ ಹುಟ್ಟಿಸಲು ಚಿತ್ರವನ್ನು ದಪ್ಪ ಮತ್ತು ಸಣ್ಣ ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ವಿಧಾನ 19ನೇ ಶತಮಾನದ ಕೊನೆಯಲ್ಲಿ ರೂಪುಗೊಂಡಿತು. ಜರ್ಮನಿಯ ಗಿಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಇದರ ಒಂದು ಬಗೆಗೆ ಪೇಟೆಂಟ್ ಪಡೆದರು. ಒಂದು ಇಂಚಿನಲ್ಲಿ ಇಂಥ ಚುಕ್ಕಿಗಳ ಎಷ್ಟು ಸಾಲು ಕೂರುತ್ತವೆ ಎಂಬುದು ಸ್ಕ್ರೀನಿನ ಎಣಿಕೆ. ಶಾಯಿ ಹೀರಿ ಹರಡುವ ದಿನಪತ್ರಿಕೆಯ ಕಾಗದಕ್ಕೆ 85ರಿಂದ 100 ಸಾಲು, ನುಣುಪು ಕಾಗದದ ವಾರಪತ್ರಿಕೆ ಮಾಸಪತ್ರಿಕೆಗಳಿಗೆ 133ರಿಂದ 150, ಒಳ್ಳೆಯ ಕಲಾಪುಸ್ತಕಗಳಿಗೆ 175 ಅಥವಾ ಅದಕ್ಕೂ ಹೆಚ್ಚು.

ಚಿತ್ರಗಳನ್ನು ಕಂಪ್ಯೂಟರಿನಿಂದ ಕಳಿಸುವ ಕಾಲ ಬಂದಾಗ, ಒಂದು ಸಾಲಿನ ಚುಕ್ಕಿಗೆ ಒಂದೂವರೆಯಿಂದ ಎರಡು ಪಿಕ್ಸೆಲ್ ಇದ್ದರೆ ಹಾಫ್‌ಟೋನ್ ಸ್ವಚ್ಛವಾಗಿ ಬರುತ್ತದೆ ಎಂದು ಮುದ್ರಕರು ಕಂಡುಕೊಂಡರು. 150 ಸಾಲಿನ ಎರಡರಷ್ಟು 300. ಇಷ್ಟೇ ಅದರ ಮೂಲ. ಕೈಯಲ್ಲಿ ಹಿಡಿದು ಒಂದಡಿ ದೂರದಿಂದ ಓದುವ ನುಣುಪು ಪತ್ರಿಕೆಯ ಪುಟಕ್ಕಾಗಿ ಹುಟ್ಟಿದ ಅಂಕಿ ಅದು. ದಿನಪತ್ರಿಕೆಗೆ 170ರಿಂದ 200 ಇದ್ದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನ ಪಿಕ್ಸೆಲ್‌ಗಳನ್ನು ಆ ಕಾಗದ ತೋರಿಸುವುದೇ ಇಲ್ಲ. ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಬಸ್ ನಿಲ್ದಾಣದ ಫಲಕಕ್ಕೂ ಇದೇ ಅಂಕಿಯನ್ನು ಅನ್ವಯಿಸುವುದಕ್ಕೆ ತಾಂತ್ರಿಕ ಆಧಾರವಿಲ್ಲ. ಅಭ್ಯಾಸಬಲ ಮಾತ್ರ.

ಕಣ್ಣಿನ ಲೆಕ್ಕ

ಹಾಗಾದರೆ ಎಷ್ಟು ಬೇಕು? ಇದಕ್ಕೆ ಉತ್ತರ ಮುದ್ರಣ ಯಂತ್ರದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. ಆರೋಗ್ಯವಂತ ಕಣ್ಣು, ಅಂದರೆ ವೈದ್ಯರು 6/6 ಎಂದು ಬರೆದುಕೊಡುವ ದೃಷ್ಟಿ, ಸುಮಾರು ಒಂದು ಕಲೆಯಷ್ಟು ಕೋನದ ವಿವರವನ್ನು ಗುರುತಿಸಬಲ್ಲದು. ಕಲೆ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಎರಡು ಪಿಕ್ಸೆಲ್‌ಗಳ ನಡುವಿನ ಅಂತರ ಕಣ್ಣಿಗೆ ಇದಕ್ಕಿಂತ ಸಣ್ಣ ಕೋನ ಮಾಡಿದರೆ ಅವು ಬಿಡಿಬಿಡಿಯಾಗಿ ಕಾಣದೆ ಬೆರೆತುಹೋಗುತ್ತವೆ. ತ್ರಿಕೋನಮಿತಿಯಿಂದ ಸರಳವಾದ ಸೂತ್ರವೊಂದು ಹೊರಡುತ್ತದೆ: 3438ನ್ನು ನೋಡುವ ದೂರದಿಂದ, ದೂರವನ್ನು ಇಂಚಿನಲ್ಲಿಟ್ಟುಕೊಂಡು, ಭಾಗಿಸಿದರೆ ಬರುವುದೇ ಅಗತ್ಯವಾದ ಪಿಪಿಐ.

ಹನ್ನೆರಡು ಇಂಚು ದೂರದಿಂದ ನೋಡುವ ಆಲ್ಬಮಿಗೆ 286 ಬರುತ್ತದೆ. 300ರ ಅಂಕಿ ಇಲ್ಲಿ ಸರಿಯಾಗಿ ಕೂರುವುದು ಆಕಸ್ಮಿಕವಲ್ಲ. ಒಂದು ಮೀಟರ್ ದೂರಕ್ಕೆ 87, ಎರಡು ಮೀಟರಿಗೆ 44. ಇಪ್ಪತ್ತು ಅಡಿ ಆಚೆ ನಿಂತರೆ 14 ಸಾಕು. ಹದಿನೈದು ಮೀಟರ್ ದೂರದ ಹೋರ್ಡಿಂಗಿನಲ್ಲಿ ಇಂಚಿಗೆ ಆರು ಪಿಕ್ಸೆಲ್ ಇದ್ದರೂ ಕಣ್ಣು ದೂರು ಹೇಳದು. 2010ರಲ್ಲಿ ಆ್ಯಪಲ್ ಕಂಪನಿ ಐಫೋನ್ 4ರ 326 ಪಿಪಿಐ ಪರದೆಯನ್ನು 'ರೆಟಿನಾ' ಎಂದು ಕರೆದಾಗ ಹಿಂದಿದ್ದದ್ದು ಇದೇ ಗಣಿತ: ಹತ್ತು ಹನ್ನೆರಡು ಇಂಚು ದೂರದಲ್ಲಿ ಹಿಡಿದ ಪರದೆಯ ಪಿಕ್ಸೆಲ್ ಕಣ್ಣಿಗೆ ಸಿಗಬಾರದು.

ಈ ಸೂತ್ರದಿಂದ ಹೊರಡುವ ಇನ್ನೊಂದು ಫಲ ಹೆಚ್ಚಿನವರನ್ನು ಚಕಿತಗೊಳಿಸುತ್ತದೆ. ಚಿತ್ರ ದೊಡ್ಡದಾದಂತೆ ಇಡೀ ಚಿತ್ರ ಒಂದೇ ನೋಟಕ್ಕೆ ಸಿಗಲೆಂದು ನಾವು ಹಿಂದೆ ಸರಿಯುತ್ತೇವೆ. ಚಿತ್ರದ ಕರ್ಣದಷ್ಟೇ ದೂರದಲ್ಲಿ ನಿಂತು ನೋಡುತ್ತೇವೆ ಎಂದುಕೊಳ್ಳೋಣ. ಆಗ ಚಿತ್ರದ ಒಂದು ಮೂಲೆಯಿಂದ ಎದುರು ಮೂಲೆಯವರೆಗೆ ಕಣ್ಣಿಗೆ ದಕ್ಕುವುದು ಸುಮಾರು 3438 ಪಿಕ್ಸೆಲ್ ಮಾತ್ರ, ಚಿತ್ರ ಅಂಗೈಯಗಲದ್ದಿರಲಿ ಆನೆಯಗಲದ್ದಿರಲಿ. 3:2 ಅನುಪಾತದ ಚೌಕಟ್ಟಿನಲ್ಲಿ ಇದು ಸುಮಾರು 2860×1907, ಅಂದರೆ ಐದೂವರೆ ಮೆಗಾಪಿಕ್ಸೆಲ್. ಕರ್ಣದ ಒಂದೂವರೆಯಷ್ಟು ದೂರ ಸರಿದರೆ ಎರಡೂವರೆ ಮೆಗಾಪಿಕ್ಸೆಲ್ಲೇ ಸಾಕು. ಹೀಗೆ ಕರ್ಣದಷ್ಟು ದೂರದಿಂದ ನೋಡುವ ಯಾವ ಅಳತೆಯ ಮುದ್ರಣಕ್ಕೂ ಆರು ಮೆಗಾಪಿಕ್ಸೆಲ್‌ನ ಒಳ್ಳೆಯ ಚಿತ್ರ ಸಾಲುತ್ತದೆ ಎಂದ ಹಾಗಾಯಿತು. ದೊಡ್ಡ ಚಿತ್ರಕ್ಕೆ ಹೆಚ್ಚು ಪಿಕ್ಸೆಲ್ ಬೇಕು ಎಂಬ ಸಹಜ ಅನಿಸಿಕೆ ನಿಜವಾಗುವುದು ನೋಡುವವರು ಹಿಂದೆ ಸರಿಯದೇ ಹೋದಾಗ.

ಅವರು ಎಲ್ಲ ಸಲವೂ ಹಿಂದೆ ಸರಿಯುವುದಿಲ್ಲ ಎಂಬುದೇ ತೊಡಕು. ಶಾಲೆಯ ಗುಂಪುಚಿತ್ರ ಗೋಡೆಯ ಮೇಲಿದ್ದರೆ ಪ್ರತಿಯೊಬ್ಬನೂ ಹತ್ತಿರ ಹೋಗಿ ತನ್ನ ಮುಖ ಹುಡುಕುತ್ತಾನೆ. ಮಾತಂಗ ಬೆಟ್ಟದ ಮೇಲಿಂದ ತೆಗೆದ ಹಂಪಿಯ ವಿಶಾಲ ನೋಟವಾದರೆ ವಿರೂಪಾಕ್ಷನ ಗೋಪುರದ ಗೊಂಬೆಗಳು ಕಾಣುತ್ತವೆಯೇ ಎಂದು ಮೂಗು ತಾಗಿಸಿ ನೋಡುವವರು ಬೇಕಾದಷ್ಟು. ಇನ್ನು ಪ್ರದರ್ಶನಗಳಿಗೆ ಬರುವ ಛಾಯಾಗ್ರಾಹಕರಂತೂ ಚಿತ್ರ ನೋಡುವುದಕ್ಕೆ ಮುಂಚೆ ಪಿಕ್ಸೆಲ್ ನೋಡುವ ಜಾತಿ. ಅಲ್ಲದೆ ಒಂದು ಕಲೆ ಎಂಬುದು ಕಣ್ಣಿನ ಕಟ್ಟಕಡೆಯ ಮಿತಿಯೇನಲ್ಲ. ಎಳೆಯರ ಕಣ್ಣು ಅದಕ್ಕಿಂತ ಚುರುಕು, ಓರೆ ಗೆರೆಗಳ ಅಂಚಿನಲ್ಲಿರುವ ಮೆಟ್ಟಿಲುಗಳನ್ನು ಎಲ್ಲರ ಕಣ್ಣೂ ಇನ್ನಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆ. ಮುಖ, ಮೋಡ, ನೀರು ಇರುವ ಚಿತ್ರ ಕಡಿಮೆ ಪಿಪಿಐಯನ್ನು ಸಹಿಸಿಕೊಳ್ಳುತ್ತದೆ. ಎಲೆ, ಕೂದಲು, ಶಿಲ್ಪದ ಕುಸುರಿ ಸಹಿಸುವುದಿಲ್ಲ.

ಇವನ್ನೆಲ್ಲ ಕೂಡಿಸಿ ಕಳೆದು ಅನುಭವಿಗಳು ಬಳಸುವ ಅಂಕಿಗಳು ಹೀಗಿವೆ: ಕೈಯಲ್ಲಿ ಹಿಡಿಯುವ ಮುದ್ರಣಕ್ಕೆ 300, ಪ್ರದರ್ಶನದ ಗೋಡೆಗೆ 200ರಿಂದ 240, ಮನೆಯ ಹಜಾರದ 20×30 ಇಂಚಿನ ಚಿತ್ರಕ್ಕೆ 150, ಕ್ಯಾನ್ವಾಸಿಗೂ ಪೋಸ್ಟರಿಗೂ 100, ವೇದಿಕೆಯ ಹಿಂದಿನ ಫ್ಲೆಕ್ಸಿಗೆ 50ರಿಂದ 72, ರಸ್ತೆಯ ಹೋರ್ಡಿಂಗಿಗೆ 10ರಿಂದ 20.

ಭಾಗಾಕಾರ

ಉಳಿದದ್ದು ಪ್ರಾಥಮಿಕ ಶಾಲೆಯ ಲೆಕ್ಕ. ಚಿತ್ರದ ಅಗಲದ ಪಿಕ್ಸೆಲ್ ಸಂಖ್ಯೆಯನ್ನು ಪಿಪಿಐಯಿಂದ ಭಾಗಿಸಿದರೆ ಮುದ್ರಣದ ಅಗಲ ಇಂಚಿನಲ್ಲಿ ಸಿಗುತ್ತದೆ. 12 ಮೆಗಾಪಿಕ್ಸೆಲ್‌ನ 4000×3000 ಚಿತ್ರ 300ರಲ್ಲಿ 13×10 ಇಂಚು; 200ರಲ್ಲಿ 20×15; 150ರಲ್ಲಿ 27×20; 100ರಲ್ಲಿ 40×30. ಫೋನಿನ ಚಿತ್ರವೂ ಗೋಡೆ ತುಂಬಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಮೆಗಾಪಿಕ್ಸೆಲ್ ಹೆಚ್ಚಿದಷ್ಟೇ ವೇಗದಲ್ಲಿ ಅಗಲ ಹೆಚ್ಚುವುದಿಲ್ಲ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಅಗಲವನ್ನೂ ಎತ್ತರವನ್ನೂ ಎರಡು ಪಟ್ಟು ಮಾಡಲು ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರ 300ರಲ್ಲಿ 20 ಇಂಚು ಅಗಲ. ಸುಮಾರು ಎರಡರಷ್ಟು ಪಿಕ್ಸೆಲ್ ಇರುವ, 45.7 ಮೆಗಾಪಿಕ್ಸೆಲ್‌ನ ನಿಕಾನ್ ಡಿ850 ಕೊಡುವ 8256 ಪಿಕ್ಸೆಲ್ ಅಗಲ ಅದೇ ಲೆಕ್ಕದಲ್ಲಿ 27.5 ಇಂಚು. ಬೆಲೆಯ ವ್ಯತ್ಯಾಸವನ್ನು ಈ ಏಳೂವರೆ ಇಂಚಿನ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ನಮ್ಮ ಮದುವೆ ಆಲ್ಬಮುಗಳ ಜನಪ್ರಿಯ ಅಳತೆ 12×36 ಇಂಚು. ಎದುರುಬದುರು ಎರಡು ಪುಟ ಸೇರಿ ಒಂದೇ ಹಾಳೆ. 300ರ ಲೆಕ್ಕದಲ್ಲಿ ಇದಕ್ಕೆ 10800×3600, ಅಂದರೆ ಸುಮಾರು 39 ಮೆಗಾಪಿಕ್ಸೆಲ್ ಬೇಕು. ವಿನ್ಯಾಸಕಾರ ಒಂದೇ ಹಾಳೆಯಲ್ಲಿ ಧಾರೆಯ ಐದಾರು ಚಿತ್ರ ಜೋಡಿಸಿದಾಗ ಒಂದೊಂದೂ ಚಿಕ್ಕದಾಗುವುದರಿಂದ ತೊಂದರೆಯಿಲ್ಲ. ವಧೂವರರ ಒಂದೇ ಚಿತ್ರವನ್ನು ಹಾಳೆಯ ಉದ್ದಕ್ಕೂ ಹರಡಿದಾಗ 24 ಮೆಗಾಪಿಕ್ಸೆಲ್ ಚಿತ್ರದಿಂದ ಮೇಲೆ ಕೆಳಗೆ ಕತ್ತರಿಸಿ ಉಳಿಯುವುದು 6000×2000, ಇಂಚಿಗೆ 167. ತೊಡೆಯ ಮೇಲಿಟ್ಟು ಒಂದೂವರೆ ಅಡಿ ದೂರದಿಂದ ನೋಡುವ ಆಲ್ಬಮಿಗೆ ಸೂತ್ರ ಕೇಳುವುದು 190ರ ಆಸುಪಾಸು. ಸ್ವಲ್ಪ ಕಡಿಮೆ ಬಿತ್ತು, ಆದರೆ ರೇಷ್ಮೆ ಸೀರೆಯ ಜರಿಯನ್ನೇ ದಿಟ್ಟಿಸುವ ಅತ್ತೆಯೊಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಾಗದು.

ಪಿಪಿಐ ಬೇರೆ, ಡಿಪಿಐ ಬೇರೆ

ಪಿಪಿಐ ಚಿತ್ರದ ಲೆಕ್ಕ. ಡಿಪಿಐ ಯಂತ್ರ ಸಿಂಪಡಿಸುವ ಶಾಯಿಯ ಹನಿಗಳ ಲೆಕ್ಕ. ಇಂಕ್‌ಜೆಟ್ ಪ್ರಿಂಟರಿನ ಪೆಟ್ಟಿಗೆಯ ಮೇಲೆ 2880×1440 ಎಂದು ಬರೆದಿರುತ್ತದೆ. ಚಿತ್ರಕ್ಕೂ ಅಷ್ಟು ಬೇಕೆಂದು ಅದರ ಅರ್ಥವಲ್ಲ. ಕೆಲವೇ ಬಣ್ಣದ ಶಾಯಿಗಳಿಂದ ಲಕ್ಷಾಂತರ ಛಾಯೆ ಹುಟ್ಟಿಸಲು ಯಂತ್ರ ಒಂದೊಂದು ಪಿಕ್ಸೆಲ್ ಜಾಗದಲ್ಲೂ ಹತ್ತಾರು ಹನಿಗಳನ್ನು ಬೆರೆಸಿ ಹಾಕುತ್ತದೆ. ಚಿತ್ರ ಯಾವ ಪಿಪಿಐಯಲ್ಲಿ ಬಂದರೂ ಪ್ರಿಂಟರಿನ ತಂತ್ರಾಂಶ ಅದನ್ನು ತನ್ನ ಸ್ವಂತ ಅಂಕಿಗೆ ಹೊಂದಿಸಿಕೊಳ್ಳುತ್ತದೆ. ಎಪ್ಸನ್ ಯಂತ್ರಗಳಲ್ಲಿ ಇದು 360 ಅಥವಾ 720. ಕ್ಯಾನನ್ ಯಂತ್ರಗಳಲ್ಲಿ 300 ಅಥವಾ 600. ಕಲರ್ ಲ್ಯಾಬುಗಳಲ್ಲಿ ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಲೇಸರಿನಿಂದ ಬರೆಯುವ ಯಂತ್ರಗಳ ಕಥೆ ಬೇರೆ. ಅಲ್ಲಿ ಪ್ರತಿ ಬಿಂದುವೂ ಯಾವ ಬಣ್ಣವನ್ನಾದರೂ ತಳೆಯಬಲ್ಲದು, ಆದ್ದರಿಂದ ಅವುಗಳ 300 ಡಿಪಿಐ ಎಂದರೆ 300 ಪಿಪಿಐಯೇ. ಎರಡು ಪದಗಳು ಕಲಸಿಹೋಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಗೊಂದಲ 72ರದ್ದು. ಕ್ಯಾಮೆರಾದ ಕಡತ ತೆರೆದರೆ ಮಾಹಿತಿಯಲ್ಲಿ ಹಲವು ಸಲ '72 ಡಿಪಿಐ' ಎಂದಿರುತ್ತದೆ. ಅಂಗಡಿಯವರು ಅದನ್ನು ನೋಡಿ 'ರೆಸಲ್ಯೂಷನ್ ಕಮ್ಮಿ ಇದೆ' ಎನ್ನುತ್ತಾರೆ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇದ್ದವು; ಅಚ್ಚುಮೊಳೆಯ ಅಳತೆಯಾದ ಪಾಯಿಂಟಿಗೆ ಒಂದು ಪಿಕ್ಸೆಲ್ ಸರಿಹೊಂದಲಿ ಎಂದು. ಆ ಅಂಕಿ ಕಡತಗಳಲ್ಲಿ ಹಾಗೇ ಉಳಿದುಬಂದಿದೆ. ಅದು ಬರಿಯ ಚೀಟಿ. ಫೋಟೊಶಾಪಿನಲ್ಲಿ ರೀಸ್ಯಾಂಪಲ್ ಗುರುತು ತೆಗೆದು 72ರ ಜಾಗದಲ್ಲಿ 300 ಎಂದು ಬರೆದರೆ ಒಂದು ಪಿಕ್ಸೆಲ್ಲೂ ಹೆಚ್ಚುವುದಿಲ್ಲ, ಒಂದೂ ಕಡಿಮೆಯಾಗುವುದಿಲ್ಲ. '300 ಡಿಪಿಐ ಫೈಲ್ ಕೊಡಿ' ಎಂದು ಕೇಳುವವರು ಇಂಚು ಹೇಳದೆ ಬಿಟ್ಟರೆ ಆ ಬೇಡಿಕೆಗೆ ಅರ್ಥವಿಲ್ಲ. 'ಅಗಲ ಇಷ್ಟು ಪಿಕ್ಸೆಲ್, ಎತ್ತರ ಇಷ್ಟು ಪಿಕ್ಸೆಲ್' ಎಂದು ಕೇಳುವುದೇ ಸರಿಯಾದ ಕ್ರಮ.

ಎಣಿಕೆಯ ಆಚೆ

ಪಿಕ್ಸೆಲ್ ಎಷ್ಟಿವೆ ಎಂಬುದಕ್ಕಿಂತ ಅವುಗಳೊಳಗೆ ಏನಿದೆ ಎಂಬುದು ದೊಡ್ಡ ಮುದ್ರಣದಲ್ಲಿ ಮುಖ್ಯ. ಕೈ ಅಲುಗಿ ತೆಗೆದ 45 ಮೆಗಾಪಿಕ್ಸೆಲ್ ಚಿತ್ರಕ್ಕಿಂತ ಟ್ರೈಪಾಡ್ ಮೇಲೆ ನಿಲ್ಲಿಸಿ, ಕಣ್ಣಿನ ಮೇಲೆ ಸರಿಯಾಗಿ ಫೋಕಸ್ ಮಾಡಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರ ದೊಡ್ಡದಾಗಿ ಚೆನ್ನಾಗಿ ಕಾಣುತ್ತದೆ. ಅಂಗೈಯ ಪರದೆಯಲ್ಲಿ ಮರೆಯಾಗಿದ್ದ ಅಲುಗಾಟ, ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳು, ಅಗ್ಗದ ಲೆನ್ಸಿನ ಮೂಲೆಯ ಮಬ್ಬು ಎಲ್ಲವೂ ನಾಲ್ಕಡಿ ಅಗಲದಲ್ಲಿ ಎದ್ದು ಕೂರುತ್ತವೆ.

ಕ್ಯಾಮೆರಾ ಹೇಳುವ ಸಂಖ್ಯೆಯೂ ಪೂರ್ತಿ ಪ್ರಾಮಾಣಿಕವಲ್ಲ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಶೋಧಕ ಜಾಲದಲ್ಲಿ ಸಂವೇದಕದ ಒಂದೊಂದು ಬಿಂದು ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಹೊರೆಯ ಬಿಂದುಗಳಿಂದ ಊಹಿಸಲಾಗುತ್ತದೆ. ಇಂದಿನ ಬಹುತೇಕ ಎಲ್ಲ ಕ್ಯಾಮೆರಾಗಳೂ ಇದೇ ದಾರಿಯವು. 48, 108, 200 ಮೆಗಾಪಿಕ್ಸೆಲ್ ಎಂದು ಸಾರುವ ಫೋನುಗಳಲ್ಲಿ ನಾಲ್ಕು, ಒಂಬತ್ತು, ಹದಿನಾರು ಬಿಂದುಗಳು ಒಂದೇ ಬಣ್ಣದ ಶೋಧಕದಡಿ ಕೂಡಿಕೊಂಡಿರುತ್ತವೆ. ಮಾಮೂಲಿಯಾಗಿ ಹೊರಬರುವುದು 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರ. ಒಳ್ಳೆಯ ಬಿಸಿಲಿನಲ್ಲಿ ಪೂರ್ಣ ರೆಸಲ್ಯೂಷನ್ ಆಯ್ಕೆಯಿಂದ ಸ್ವಲ್ಪ ಹೆಚ್ಚು ವಿವರ ಸಿಗಬಹುದು. ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಇದಕ್ಕೆ ಪೂರ್ತಿ ತದ್ವಿರುದ್ಧ. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಕೊಡುವುದಷ್ಟೇ. ಮೂರು ಪಟ್ಟು ಜೂಮ್ ಮಾಡಿದರೆ ಒಂಬತ್ತನೇ ಒಂದು ಭಾಗ, ಅಂದರೆ 12ರಲ್ಲಿ 1.3 ಮೆಗಾಪಿಕ್ಸೆಲ್ ಉಳಿಯುತ್ತದೆ.

ಕರ್ನಾಟಕದಲ್ಲಿ ದೊಡ್ಡ ಮುದ್ರಣಗಳು ಕೆಡುವುದಕ್ಕೆ ಇವೆಲ್ಲಕ್ಕಿಂತ ಹೆಚ್ಚಾಗಿ ವಾಟ್ಸಾಪ್ ಕಾರಣ ಎಂದರೆ ಉತ್ಪ್ರೇಕ್ಷೆಯಾಗದು. ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರವನ್ನು ಅದು ಉದ್ದನೆಯ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ, ಮೇಲಿಂದ ಬಿಗಿಯಾಗಿ ಜೆಪೆಗ್ ಸಂಕೋಚನ ಮಾಡುತ್ತದೆ. 12 ಮೆಗಾಪಿಕ್ಸೆಲ್ ಹೋಗಿ 2ಕ್ಕೂ ಕಡಿಮೆ ಉಳಿಯಿತು. 300ರ ಲೆಕ್ಕದಲ್ಲಿ ಅದು ಐದೂಕಾಲು ಇಂಚಿನ ಚಿತ್ರ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಒಡೆದು ಸಂಕೋಚಿಸುವುದರಿಂದ ಹಿಗ್ಗಿಸಿದಾಗ ಆ ತುಂಡುಗಳ ಅಂಚು ಮುಖದ ಮೇಲೆ ಚೌಕಳಿಯಾಗಿ ಕಾಣುತ್ತದೆ. 2023ರಿಂದ ಎಚ್‌ಡಿ ಆಯ್ಕೆ ಇದೆ, ಅದೂ ಮೂಲವಲ್ಲ. ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ, ಇಮೇಲ್ ಅಥವಾ ಡ್ರೈವ್ ಮೂಲಕ ಕೊಟ್ಟರೆ, ಪೆನ್‌ಡ್ರೈವಿನಲ್ಲಿ ಒಯ್ದರೆ ಮೂಲ ಹಾಗೇ ತಲುಪುತ್ತದೆ.

ಇಲ್ಲದ್ದನ್ನು ತುಂಬುವುದು

ಪಿಕ್ಸೆಲ್ ಸಾಲದಿದ್ದಾಗ ತಂತ್ರಾಂಶ ನಡುವೆ ಹೊಸ ಪಿಕ್ಸೆಲ್‌ಗಳನ್ನು ತುಂಬುತ್ತದೆ. ಪಕ್ಕದ ಪಿಕ್ಸೆಲ್ಲನ್ನೇ ನಕಲು ಮಾಡುವುದು ಅತಿ ಒರಟು ವಿಧಾನ; ಸುತ್ತಲಿನ ಹದಿನಾರು ಪಿಕ್ಸೆಲ್‌ಗಳ ತೂಕದ ಸರಾಸರಿ ತೆಗೆಯುವ ಬೈಕ್ಯೂಬಿಕ್ ವಿಧಾನ ನಯವಾದದ್ದು. ಯಾವುದೂ ಹೊಸ ವಿವರ ಸೃಷ್ಟಿಸದು. ಚೌಕಗಳು ಕಾಣದಂತೆ ನೋಡಿಕೊಳ್ಳುವುದೇ ಅವುಗಳ ಕೆಲಸ, ಆ ಮಟ್ಟಿಗೆ ಉಪಯುಕ್ತ.

ಕೋಟ್ಯಂತರ ಚಿತ್ರಗಳಿಂದ ಕಲಿತ ಕೃತಕ ಬುದ್ಧಿಮತ್ತೆ ಇದನ್ನು ಬದಲಿಸಿದೆ. ಅಡೋಬಿ ಕಂಪನಿ 2021ರಲ್ಲಿ ತನ್ನ ಕ್ಯಾಮೆರಾ ರಾ ತಂತ್ರಾಂಶಕ್ಕೆ ಸೇರಿಸಿದ ಸೂಪರ್ ರೆಸಲ್ಯೂಷನ್ ಅಗಲ ಎತ್ತರ ಎರಡನ್ನೂ ದ್ವಿಗುಣಗೊಳಿಸಿ ಪಿಕ್ಸೆಲ್‌ಗಳನ್ನು ನಾಲ್ಕು ಪಟ್ಟು ಮಾಡುತ್ತದೆ. ಎಲೆ, ಹುಲ್ಲು, ಕಲ್ಲುಗೋಡೆಗಳ ಚಿತ್ರದಲ್ಲಿ ಫಲಿತಾಂಶ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಈ ಬಗೆಯ ತಂತ್ರಾಂಶಗಳು ಸೇರಿಸುವುದು ಅಲ್ಲಿದ್ದ ವಿವರವನ್ನಲ್ಲ, ಇರಬಹುದಾಗಿದ್ದ ವಿವರವನ್ನು. ಅಜ್ಜನ ಹಳೆಯ ಚಿಕ್ಕ ಫೋಟೊವನ್ನು ಹೀಗೆ ಬಲವಾಗಿ ಹಿಗ್ಗಿಸಿದರೆ ಹಾರ ಹಾಕಿದ ಚೌಕಟ್ಟಿನಲ್ಲಿ ಕೂರುವವರು ನುಣುಪಾದ ಕೆನ್ನೆಯ, ಹೊಳೆವ ಕಣ್ಣಿನ ಯಾರೋ ಅಪರಿಚಿತರು. ಅಂಥ ಚಿತ್ರಗಳಿಗೆ ಹಳೆಯ ದಾರಿಯೇ ಸುರಕ್ಷಿತ. ಗಾಜಿನ ಮೇಲಿಂದ ಫೋನಿನಲ್ಲಿ ಫೋಟೊ ತೆಗೆಯದೆ ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿ 600ರಲ್ಲಿ ಸ್ಕ್ಯಾನ್ ಮಾಡಿಸುವುದು. ನೆಗೆಟಿವ್ ಇದ್ದರೆ ಇನ್ನೂ ಒಳ್ಳೆಯದು. 35 ಮಿಲಿಮೀಟರ್ ನೆಗೆಟಿವನ್ನು 4000ದಲ್ಲಿ ಸ್ಕ್ಯಾನ್ ಮಾಡಿದರೆ 21 ಮೆಗಾಪಿಕ್ಸೆಲ್ ಸಿಗುತ್ತದೆ, ಹಿಗ್ಗಿದಾಗ ಅದರಲ್ಲಿ ಕಾಣುವುದು ಫಿಲ್ಮಿನ ಕಾಳು. ಅಡ್ಡಾದಿಡ್ಡಿಯಾಗಿ ಹರಡಿದ ಕಾಳನ್ನು ಕಣ್ಣು ಕ್ಷಮಿಸುತ್ತದೆ, ಸಾಲಾಗಿ ನಿಂತ ಚೌಕವನ್ನು ಕ್ಷಮಿಸುವುದಿಲ್ಲ. ಹಿಗ್ಗಿಸಿದ ಡಿಜಿಟಲ್ ಚಿತ್ರಕ್ಕೆ ಮುದ್ರಣಕ್ಕೆ ಮುನ್ನ ನವಿರಾದ ಕಾಳನ್ನು ಬೇಕೆಂದೇ ಬೆರೆಸುವ ರೂಢಿ ಹುಟ್ಟಿದ್ದು ಇದರಿಂದ.

ಎದುರಿಗಿರುವ ದೃಶ್ಯವೇ ಅಲುಗದಿದ್ದರೆ ಊಹೆಗಿಂತ ಹೊಲಿಗೆ ಮೇಲು. 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ನೆಟ್ಟಗೆ ಹಿಡಿದು, ಮೂರನೇ ಒಂದರಷ್ಟು ಒಂದರ ಮೇಲೊಂದು ಬರುವಂತೆ ಆರು ಚಿತ್ರ ತೆಗೆದು ಜೋಡಿಸಿದರೆ 17 ಸಾವಿರ ಪಿಕ್ಸೆಲ್ ಅಗಲದ, ನೂರು ಮೆಗಾಪಿಕ್ಸೆಲ್ ಮೀರಿದ ನೋಟ ಸಿಗುತ್ತದೆ. ಈ ವಿಧಾನದ ತುತ್ತತುದಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರ ಜನವರಿಯಲ್ಲಿ ಪ್ರಕಟಿಸಿದ, ರೆಂಬ್ರಾಂಟನ 'ನೈಟ್ ವಾಚ್' ವರ್ಣಚಿತ್ರದ ಪ್ರತಿ. 8439 ಬಿಡಿಚಿತ್ರಗಳನ್ನು ಹೊಲಿದ ಆ ಚಿತ್ರದಲ್ಲಿ 717 ಗಿಗಾಪಿಕ್ಸೆಲ್‌ಗಳಿವೆ. ಎರಡು ಪಿಕ್ಸೆಲ್‌ಗಳ ಅಂತರ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗ; ಮೂಲ ಅಳತೆಯಲ್ಲಿ ಮುದ್ರಿಸಿದರೆ ಇಂಚಿಗೆ 5080. ಅದು ಮುದ್ರಣಕ್ಕಲ್ಲ, ಬಣ್ಣದ ಕಣಗಳ ಸ್ಥಿತಿಯನ್ನು ಪರೀಕ್ಷಿಸುವ ಸಂರಕ್ಷಕರಿಗಾಗಿ ಮಾಡಿದ್ದು.

ಗೋಡೆಯಿಂದ ರಸ್ತೆಗೆ

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಒಂದು ಕಾಲಕ್ಕೆ ನಿಲ್ಲುತ್ತಿದ್ದ ನಾಯಕನಟರ ಕಟೌಟುಗಳಿಗೆ ಪಿಕ್ಸೆಲ್ಲಿನ ಹಂಗಿರಲಿಲ್ಲ. ಕಲಾವಿದರು ಚಿಕ್ಕ ಫೋಟೊದ ಮೇಲೆ ಚೌಕುಳಿ ಗೆರೆ ಎಳೆದು, ಅದೇ ಚೌಕುಳಿಯನ್ನು ಹಲಗೆಯ ಮೇಲೆ ದೊಡ್ಡದಾಗಿ ಎಳೆದು, ಕುಂಚದಿಂದ ಬರೆಯುತ್ತಿದ್ದರು. ವಿವರ ಸಾಲದ ಕಡೆ ಅವರ ಕೈ ತುಂಬುತ್ತಿತ್ತು. ಆ ಕೈಗಳ ಕೆಲಸವನ್ನು ಫ್ಲೆಕ್ಸ್ ಕಿತ್ತುಕೊಂಡಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸುವ ಅಗಲ ಯಂತ್ರಗಳು ಊರೂರಿಗೆ ಬಂದವು; ಹುಟ್ಟುಹಬ್ಬ, ಜಾತ್ರೆ, ಶ್ರದ್ಧಾಂಜಲಿಗಳೆಲ್ಲ ಫ್ಲೆಕ್ಸ್ ಏರಿದವು. ಕರ್ನಾಟಕ ಸರ್ಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಪಾಲಿಕೆ ಅವನ್ನು ಸಾವಿರಗಟ್ಟಲೆ ಕಿತ್ತುಹಾಕಿತು.

40×20 ಅಡಿಯ ಹೋರ್ಡಿಂಗಿಗೆ 300ರ ಹಟ ಹಿಡಿದರೆ ಏನಾಗುತ್ತದೆ ನೋಡಿ. 144000×72000, ಅಂದರೆ ಸಾವಿರ ಕೋಟಿಗೂ ಮಿಕ್ಕಿದ ಪಿಕ್ಸೆಲ್. ನಾಲ್ಕು ಶಾಯಿಗಳ ಲೆಕ್ಕದಲ್ಲಿ ಕಡತ 41 ಗಿಗಾಬೈಟ್ ದಾಟುತ್ತದೆ. ಜೆಪೆಗ್ ಕಡತದ ಒಂದು ಬದಿ 65535 ಪಿಕ್ಸೆಲ್ ಮೀರುವಂತಿಲ್ಲವಾದ್ದರಿಂದ ಅದನ್ನು ಆ ರೂಪದಲ್ಲಿ ಉಳಿಸಲೂ ಆಗದು. ಅದೇ ಹೋರ್ಡಿಂಗನ್ನು 15ರಲ್ಲಿ ಮಾಡಿದರೆ 7200×3600, 26 ಮೆಗಾಪಿಕ್ಸೆಲ್. ಯಾವ ಲ್ಯಾಪ್‌ಟಾಪಿನಲ್ಲಾದರೂ ತೆರೆಯುತ್ತದೆ. 2015ರಲ್ಲಿ ಆ್ಯಪಲ್ ಕಂಪನಿ ಐಫೋನ್ 6ರಲ್ಲಿ ತೆಗೆದ ಚಿತ್ರಗಳನ್ನೇ ಜಗತ್ತಿನ ಹಲವು ನಗರಗಳ ಜಾಹೀರಾತು ಫಲಕಗಳಲ್ಲಿ ಹಾಕಿತು. ಆ ಫೋನಿನದು 8 ಮೆಗಾಪಿಕ್ಸೆಲ್, 3264 ಪಿಕ್ಸೆಲ್ ಅಗಲ. 40 ಅಡಿಗೆ ಹರಡಿದರೆ ಇಂಚಿಗೆ ಏಳಕ್ಕೂ ಕಡಿಮೆ, ಆದರೆ ರಸ್ತೆಯ ಆ ಬದಿಯಿಂದ ನೋಡುವವರಿಗೆ ಸಾಕು. ಹೋರ್ಡಿಂಗಿನ ಅಕ್ಷರಗಳನ್ನು ಮಾತ್ರ ಚಿತ್ರದೊಳಗೆ ಕರಗಿಸದೆ ವೆಕ್ಟರ್ ರೂಪದಲ್ಲೇ, ಅಂದರೆ ಪಿಕ್ಸೆಲ್‌ಗಳ ಬದಲು ಗೆರೆಗಳ ಗಣಿತವಾಗಿಯೇ, ಇಡಬೇಕು. ಮುಖ ಮಬ್ಬಾದರೆ ನಡೆದೀತು, 'ಸುಸ್ವಾಗತ'ದ ಒತ್ತಕ್ಷರ ಮಬ್ಬಾದರೆ ನಡೆಯದು.

ಡಿಜಿಟಲ್ ಪೂರ್ವದ ದೈತ್ಯ ಮುದ್ರಣಗಳೂ ದೂರವನ್ನೇ ನಂಬಿದ್ದವು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ 1950ರಿಂದ 1990ರವರೆಗೆ ಕೊಡಕ್ ಬೆಳಗಿಸಿದ 'ಕಲರಾಮಾ' 18 ಅಡಿ ಎತ್ತರ, 60 ಅಡಿ ಅಗಲದ ಪಾರದರ್ಶಕ ಚಿತ್ರ. ಪ್ರಯಾಣಿಕರು ಅದನ್ನು ವಿಶಾಲ ಹಜಾರದ ಆಚೆಯಿಂದ ನೋಡುತ್ತಿದ್ದರು. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿಯಂಥ ಕಲಾವಿದರು ಹತ್ತಿರವನ್ನೂ ಬಿಟ್ಟುಕೊಡಲಿಲ್ಲ. ಅವರ 1999ರ 'ರೈನ್ 2', ಚೌಕಟ್ಟು ಸೇರಿ ಮೂರೂವರೆ ಮೀಟರಿಗೂ ಅಗಲ. ದೂರದಿಂದ ಪಟ್ಟೆಪಟ್ಟೆಯಾಗಿ ಕಾಣುವ ನದಿ ದಂಡೆಯಲ್ಲಿ ಹತ್ತಿರ ಹೋದರೆ ಹುಲ್ಲು ಸಿಗುತ್ತದೆ. ಚಿತ್ರಶಾಲೆಯ ಗೋಡೆಗೂ ಹೋರ್ಡಿಂಗಿಗೂ ಒಂದೇ ನಿಯಮ ಏಕೆ ಸಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್‌ನ ಸ್ಪರ್ಧೆಗಳಲ್ಲಿ ಮುದ್ರಣದ ಗರಿಷ್ಠ ಅಳತೆ 30×40 ಸೆಂಟಿಮೀಟರ್. ತೀರ್ಪುಗಾರರು ಕೈಗೆತ್ತಿಕೊಂಡು ನೋಡುವ ಆ ಅಳತೆಗೆ 300ರಲ್ಲಿ ಸುಮಾರು 17 ಮೆಗಾಪಿಕ್ಸೆಲ್ ಬೇಕು. ಹೋರ್ಡಿಂಗಿಗಿಂತ ನೂರಾರು ಪಟ್ಟು ಚಿಕ್ಕದು, ಬೇಡಿಕೆ ಮಾತ್ರ ಅದಕ್ಕೆ ಸರಿಸಮ.

ಮುದ್ರಣಕ್ಕೆ ಕೊಡುವಾಗ

ಕಾಗದದ ಆಯ್ಕೆ ಪಿಪಿಐಯಷ್ಟೇ ಪರಿಣಾಮ ಬೀರುತ್ತದೆ. ಹೊಳಪು ಕಾಗದ ಎಲ್ಲವನ್ನೂ ಬಿಚ್ಚಿಡುತ್ತದೆ. ಮ್ಯಾಟ್ ಕಾಗದ ಮೃದುವಾಗಿಸುತ್ತದೆ. ಕ್ಯಾನ್ವಾಸಿನ ನೇಯ್ಗೆ ಅರೆಕೊರೆಗಳನ್ನು ನುಂಗಿಕೊಳ್ಳುತ್ತದೆ, ಪಿಕ್ಸೆಲ್ ಕಡಿಮೆಯಿದ್ದಾಗ ಅದೇ ಲೇಸು. ಲ್ಯಾಬು ಬೇರೇನಾದರೂ ಕೇಳದಿದ್ದರೆ ಎಸ್‌ಆರ್‌ಜಿಬಿ ಬಣ್ಣವಲಯದಲ್ಲಿ, ಅತಿ ಕಡಿಮೆ ಸಂಕೋಚನದ ಜೆಪೆಗ್ ಅಥವಾ ಟಿಫ್ ರೂಪದಲ್ಲಿ ಕೊಡುವುದು ಕ್ಷೇಮ. ಅಳತೆ ಹೊಂದಿಸಿದ ಮೇಲೆ, ಕೊನೆಯ ಹೆಜ್ಜೆಯಾಗಿ ಮಾತ್ರ ಹರಿತಗೊಳಿಸಬೇಕು. ಪರದೆಯ ಮೇಲೆ ನೂರಕ್ಕೆ ನೂರರ ಅಳತೆಯಲ್ಲಿ ಕಾಣುವ ಒರಟುತನಕ್ಕೆ ಹೆದರಬೇಕಿಲ್ಲ.

ದೊಡ್ಡ ಮುದ್ರಣಕ್ಕೆ ದುಡ್ಡು ಕೊಡುವ ಮುನ್ನ ಒಂದು ತುಂಡು ಪರೀಕ್ಷೆ ಮಾಡಿಸಿ. 60×40 ಇಂಚಿಗೆ ಹೋಗಲಿರುವ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಇಂಚಿಗೆ ನೂರು ಪಿಕ್ಸೆಲ್. ಅದರಿಂದ ಮುಖವೋ ಕಣ್ಣೋ ಇರುವ 800×1100 ಪಿಕ್ಸೆಲ್‌ಗಳ ಭಾಗವನ್ನು ಕತ್ತರಿಸಿ, ಅದೇ ಬಗೆಯ ಕಾಗದದ ಎ4 ಹಾಳೆಯ ಮೇಲೆ 8×11 ಇಂಚಿಗೆ ಅಚ್ಚು ಹಾಕಿಸಿ. ಚಿತ್ರ ತೂಗುಹಾಕಬೇಕೆಂದಿರುವ ಗೋಡೆಗೆ ಅದನ್ನು ಅಂಟಿಸಿ, ಮನೆಗೆ ಬಂದವರು ಕೂರುವ ಕುರ್ಚಿಯಲ್ಲಿ ಕೂತು ನೋಡಿ. ಅಲ್ಲಿಂದ ಕಣ್ಣಿಗೆ ಒಪ್ಪಿದರೆ ಆರ್ಡರ್ ಕೊಡಬಹುದು.